ಕೆರೆಯ ಅಳತೆ ತೆಗೆದವರು

ಆ ಭಾನುವಾರ ಮನೆಯ ಭಾನುವಾರ. ನಮ್ಮಲ್ಲಿ ಭಾನುವಾರ ಎರಡು ಥರ. ಒಂದು ಮನೆಯದು, ಒಂದು ನೀರಿನದು. ಒಂದಾದ ಮೇಲೆ ಒಂದು ಬರಬೇಕು. ಹನ್ನೊಂದು ವರ್ಷ ಹಾಗೇ ನಡೆದಿತ್ತು. ನೀರಿನ ಭಾನುವಾರ ನನ್ನ ಗಂಡ ಬೆಳಕು ಹರಿಯುತ್ತಲೇ ಗಾಳ ತೆಗೆದುಕೊಂಡು ಕೆರೆಗೆ ಹೋಗುತ್ತಿದ್ದರು, ಊಟದ ಹೊತ್ತಿಗೆ ಬರುತ್ತಿದ್ದರು. ಮನೆಯ ಭಾನುವಾರ ಅವರು ನಮಗೆ ಸೇರಿದವರು.

ಬೆಳಿಗ್ಗೆ ಚಹಾದ ಲೋಟ ಹಿಡಿದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಏನಾದರೂ ಕೇಳುವುದಿದ್ದರೆ ಹಾಗೆ ನಿಲ್ಲುವುದು ರೂಢಿ, ಒಂದು ಕಾಲು ಒಳಗೆ, ಒಂದು ಹೊರಗೆ.

"ಏ ಇವಳೇ, ಈ ವಾರ ಅದಲು ಬದಲು ಮಾಡ್ಕೊಳ್ಳೋಣ್ವಾ?"

"ಏನನ್ನ?"

"ಭಾನುವಾರಾನ. ಇವತ್ತಿಂದು ನನಗೆ ಕೊಡು. ಮುಂದಿನ ಎರಡೂ ನೀನೇ ಇಟ್ಕೋ."

"ಯಾಕಂತೆ? ಮೀನು ಕಾಗದ ಬರೆದು ಕರೆಸ್ಕೊಂಡಿದ್ಯಾ?"

"ತೂಬು ರಿಪೇರಿ ಅಂತ ನೀರು ಬಿಟ್ಟಿದಾರೆ ಕಣೇ. ಕೆರೆ ಎಷ್ಟು ಇಳಿದಿದೆ ಗೊತ್ತಾ? ನಾನು ಹೀಗೆ ಇಳಿದಿದ್ದು ನೋಡೇ ಇಲ್ಲ."

"ಕೆರೆ ಇಳಿದ್ರೆ ನಮ್ಮನೆ ತೊಟ್ಟಿ ತಾನಾಗೇ ತೊಳ್ಕೊಳ್ಳುತ್ತಾ? ಪಾಚಿ ಕಟ್ಟಿ ತಿಂಗಳಾಯ್ತು. ಮಾತು ಅಂದ್ರೆ ಮಾತು ರೀ."

ಅವರು ನಕ್ಕರು. "ಆಯ್ತು ದೊರೆಸಾನಿ," ಎಂದು ಲೋಟ ತೊಳೆದಿಟ್ಟರು.

ತೊಟ್ಟಿಗೆ ಇಳಿದು ಉಜ್ಜಿದರು. ನನ್ನ ಹೊಲಿಗೆ ಯಂತ್ರದ ಬೆಲ್ಟು ಸಡಿಲವಾಗಿತ್ತು, ಬಿಗಿ ಮಾಡಿದರು. ಮಗಳ ಕೋಣೆಯ ಕಿಟಕಿ ಮುಚ್ಚುತ್ತಿರಲಿಲ್ಲ, ಅದನ್ನು ಕೆತ್ತಿ ಸರಿಮಾಡಿದರು. ಮಧ್ಯಾಹ್ನ ಊಟ ಮಾಡಿ ನಿದ್ದೆ ಹೋದರು. ಸಂಜೆ ಮಗಳ ಜೊತೆ ಇಸ್ಪೀಟು ಆಡಿ ಸೋತರು. ಅಷ್ಟೇ. ಬೇರೆ ಏನೂ ಆಗಲಿಲ್ಲ. ನಾನು ಎಷ್ಟು ಸಲ ನೆನಪು ಮಾಡಿಕೊಂಡರೂ ಬೇರೆ ಏನೂ ಇಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಕಾರ್ಖಾನೆಯಿಂದ ಫೋನು ಬಂತು. ಬಟ್ಟೆ ಕತ್ತರಿಸುತ್ತಿದ್ದವರು ಕತ್ತರಿ ಮೇಜಿನ ಮೇಲಿಟ್ಟು, ಪಕ್ಕದ ಬಟ್ಟೆ ಕಟ್ಟಿನ ಮೇಲೆ ಕೂತರಂತೆ. ಸೆಕೆ ಅಂದರಂತೆ. ನೀರು ತರುವುದರೊಳಗೆ ಎಲ್ಲ ಮುಗಿದಿತ್ತು. ಎದೆ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಐವತ್ತೊಂದು ವರ್ಷ.

ಅವರು ಶಾಲೆಯ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್. ಇಪ್ಪತ್ತಾರು ವರ್ಷ ಒಂದೇ ಮೇಜು. ಉದ್ದನೆಯ ಮೇಜಿನ ಮೇಲೆ ಎಂಟು ಪದರ ಬಟ್ಟೆ ಹಾಸಿ, ಮೇಲೆ ಖಾಕಿ ಕಾಗದದ ಮಾದರಿ ಇಟ್ಟು, ಸವೆದ ಸೋಪಿನ ಬಿಲ್ಲೆಯಿಂದ ಗೆರೆ ಎಳೆದು ಕತ್ತರಿಸುತ್ತಿದ್ದರು. ಬಲಗೈ ಹೆಬ್ಬೆರಳ ಬುಡದಲ್ಲಿ ಕತ್ತರಿಯ ಗಂಟು, ಕಡಲೆಕಾಳಿನಷ್ಟು. ಯಾರನ್ನು ನೋಡಿದರೂ ಮೊದಲು ಭುಜ ನೋಡುತ್ತಿದ್ದರು. ನನ್ನನ್ನು ನೋಡಲು ಬಂದ ದಿನ, "ಹುಡುಗಿಯ ಎಡಭುಜ ಅರ್ಧ ಇಂಚು ಕೆಳಗಿದೆ," ಎಂದು ಅವರ ಅಕ್ಕನ ಕಿವಿಯಲ್ಲಿ ಹೇಳಿದ್ದರಂತೆ. ಬೇಡ ಅನ್ನುವುದಕ್ಕಲ್ಲ, ಸುಮ್ಮನೆ. ಅಳತೆ ತಪ್ಪದ ಮನುಷ್ಯ.

ಗಾಳದ ಹುಚ್ಚು ಮದುವೆಗೆ ಮೊದಲೇ ಇತ್ತು. ನನಗೆ ಯಾರೂ ಹೇಳಿರಲಿಲ್ಲ. ಆಗ ಎಲ್ಲ ಭಾನುವಾರವೂ ಕೆರೆಯದೇ. ರಜೆಯ ದಿನವೂ ಕೆರೆಯದೇ. ಹಿಡಿದು ತರುತ್ತಿದ್ದದ್ದು ನಾಲ್ಕು ಮೀನು, ಅದರಲ್ಲಿ ಎರಡು ಬೆರಳುದ್ದ. "ಈ ನಾಲ್ಕಕ್ಕೆ ಒಂದು ದಿನ ಹೋಯ್ತಲ್ರೀ, ಮಾರ್ಕೆಟ್ಟಲ್ಲಿ ಐದು ನಿಮಿಷದ ಕೆಲಸ," ಎಂದರೆ, "ಮಾರ್ಕೆಟ್ಟಿನ ಮೀನು ನನ್ನ ನೋಡಿ ಹೆದರಲ್ವಲ್ಲ," ಅನ್ನುತ್ತಿದ್ದರು.

ಮಗಳಿಗೆ ಏಳು ವರ್ಷ ಇದ್ದಾಗ ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲ ಎಂದು ಟೀಚರು ಹೇಳಿ ಕಳಿಸಿದರು. ಕನ್ನಡಕಕ್ಕೆಂದು ನಾನು ಡಬ್ಬಿಯಲ್ಲಿ ಹಣ ಕೂಡಿಸಿಟ್ಟಿದ್ದೆ. ಅವರು ಅದನ್ನು ತೆಗೆದುಕೊಂಡು ಹೋಗಿ ದಾರ ಸುತ್ತುವ ಚಕ್ರ ತಂದರು, ಗಾಳದ ಕೋಲಿಗೆ ಹಾಕುವಂಥದ್ದು. ಮುಂದಿನ ವಾರ ಸಂಬಳ ಬರುತ್ತೆ, ಆಗ ಕನ್ನಡಕ ತಂದರಾಯಿತು ಅಂದುಕೊಂಡಿದ್ದರಂತೆ. ನಾನು ಕೂಗಾಡಲಿಲ್ಲ. ಮಗಳನ್ನು ಕರೆದು ಅವರ ಮುಂದೆ ನಿಲ್ಲಿಸಿ, ಗೋಡೆಯ ಕ್ಯಾಲೆಂಡರ್ ಓದು ಅಂದೆ. ಅದು ಕಣ್ಣು ಕಿರಿದು ಮಾಡಿ, ಕತ್ತು ಮುಂದೆ ಚಾಚಿ, ತಪ್ಪು ತಪ್ಪು ಓದಿತು. ಅವರು ಎದ್ದು ಚಪ್ಪಲಿ ಮೆಟ್ಟಿ ಹೋದರು. ಚಕ್ರ ವಾಪಸು ಕೊಟ್ಟು ಅರ್ಧ ಹಣ ಪಡೆದು, ಉಳಿದದ್ದು ಮಾಲೀಕರಿಂದ ಮುಂಗಡ ತಂದು, ಅವತ್ತೇ ಕನ್ನಡಕಕ್ಕೆ ಅಳತೆ ಕೊಡಿಸಿದರು.

ಮಾರನೆಯ ದಿನ ತಾವಾಗಿಯೇ ಅಂದರು, "ಒಂದು ವಾರ ನಿಮಗೆ, ಒಂದು ವಾರ ನೀರಿಗೆ. ಸಂಬಳ ಮುಟ್ಟಲ್ಲ." ಆಮೇಲಿನಿಂದ ಗಾಳ, ದಾರ, ಸೀಸದ ಗುಂಡು ಎಲ್ಲ ಚಿಂದಿಯ ಹಣದಲ್ಲಿ. ಅಂದರೆ, ಕಾರ್ಖಾನೆಯಲ್ಲಿ ಕತ್ತರಿಸಿ ಉಳಿದ ತುಂಡು ಬಟ್ಟೆ ತಂದು, ಊಟವಾದ ಮೇಲೆ ಕೈಚೀಲ ಹೊಲಿದು ಮಾರುತ್ತಿದ್ದರು. ಒಂದು ಚೀಲ ಮಾರಿದರೆ ಆರು ಗಾಳ ಬರುತ್ತಿತ್ತು. ಒಂದು ಸಲವೂ ಮಾತು ಮುರಿಯಲಿಲ್ಲ. ನಾನು ಕಾಯುತ್ತಿದ್ದೆ, ಮುರಿಯಲಿ ಬೈಯೋಣ ಎಂದು. ಮುರಿಯಲಿಲ್ಲ.

ಅವರ ಅಳತೆಯ ವಿಷಯ ನನಗೆ ಗೊತ್ತಾದದ್ದು ಒಂದು ಫ್ರಾಕಿನಿಂದ.

ನಾನು ಮನೆಯಲ್ಲಿ ಅಕ್ಕಪಕ್ಕದವರ ಬಟ್ಟೆ ಹೊಲಿಯುತ್ತೇನೆ. ಎದುರುಮನೆಯ ನರ್ಸಮ್ಮ ಮಗಳ ಫ್ರಾಕಿಗೆಂದು ಒಳ್ಳೆಯ ನೀಲಿ ಬಟ್ಟೆ ಕೊಟ್ಟಿದ್ದರು, ಉದ್ದ ತೋಳು ಬೇಕು ಅಂದಿದ್ದರು. ಗಂಡ ಬರೆದ ಖಾಕಿ ಕಾಗದಗಳು ಮೊಳೆಗೆ ನೇತುಹಾಕಿರುತ್ತಿದ್ದವು, ಅದರಲ್ಲಿ ತೋಳಿನ ಮಾದರಿ ಹುಡುಕಿದೆ. ಒಂದು ಸಿಕ್ಕಿತು. ಮೇಲೆ ಅಗಲ, ಕೆಳಗೆ ಕಿರಿದು, ಒಳಗೆ ಒಂದರೊಳಗೊಂದು ಗೆರೆಗಳು. ಒಂದೇ ಕಾಗದದಲ್ಲಿ ಎರಡು ವರ್ಷದ ಮಗುವಿಗೆ, ನಾಲ್ಕು ವರ್ಷಕ್ಕೆ, ಆರು ವರ್ಷಕ್ಕೆ ಎಂದು ಗೆರೆ ಹಾಕುವುದು ಕಟಿಂಗಿನವರ ಪದ್ಧತಿ. ಗೆರೆಯ ಮೇಲೆ ಆರು ಎಂದು ಬರೆದಿತ್ತು. ಹುಡುಗಿಗೂ ಆರು ವರ್ಷ. ನಾನು ಆ ಗೆರೆಯ ಮೇಲೇ ಕತ್ತರಿಸಿದೆ. ಕತ್ತರಿಸುವಾಗಲೇ ಇದೇನಪ್ಪ ಅನ್ನಿಸಿತ್ತು, ಆದರೆ ಅವರ ಗೆರೆ, ತಪ್ಪಿರಲಾರದು ಎಂದುಕೊಂಡು ಹೊಲಿದೂಬಿಟ್ಟೆ.

ಸಂಜೆ ಅವರು ಬಂದು ಅದನ್ನು ಎತ್ತಿ ಹಿಡಿದರು. ತೋಳಿಗೆ ಎರಡು ಮೊಣಕೈ. ಕಂಕುಳ ಹತ್ತಿರ ಸೋರೆ ಬುರುಡೆಯಂಥ ಒಂದು ಉಬ್ಬು.

"ಇದು ಯಾವ ಮಗೂಗೆ?"

"ನರ್ಸಮ್ಮನ ಮಗೂಗೆ. ನಿಮ್ಮ ಕಾಗದ ಇಟ್ಟೇ ಕತ್ತರಿಸಿದ್ದು. ನನ್ನ ಕೇಳಬೇಡಿ."

ಅವರು ಕಾಗದ ನೋಡಿದರು, ತೋಳು ನೋಡಿದರು. ಆಮೇಲೆ ನಗಲು ಶುರುಮಾಡಿದರು. ಕುರ್ಚಿ ಹಿಡಿದುಕೊಂಡು ನಕ್ಕರು. "ಅಯ್ಯೋ ಮಾರಾಯ್ತಿ, ನೀನು ಕೆರೇನ ಕತ್ತರಿಸಿದ್ದೀಯಾ! ಇದು ಆರು ಅಡಿ ನೀರು. ಈ ಬುರುಡೆ ಇದೆಯಲ್ಲ, ಇದು ತೂಬಿನ ಹತ್ರದ ಗುಂಡಿ!"

ನನಗೆ ನಗು ಬರಲಿಲ್ಲ. "ಮನೆಯೊಳಗೂ ಕೆರೆ ತಂದ್ರಾ? ವಾರ ಬಿಟ್ಟು ವಾರ ಅಂದಿದ್ದು ನೀವೇ ಅಲ್ವಾ? ಈಗ ಆ ಬಟ್ಟೆಗೆ ಏನು ಹೇಳ್ಲಿ?"

ಬಟ್ಟೆ ಅವರೇ ಹುಡುಕಿ ತಂದರು, ಚಿಂದಿಯ ಹಣದಲ್ಲಿ. ಫ್ರಾಕನ್ನೂ ಅವರೇ ಹೊಲಿದರು. ಮುಂದಿನ ನೀರಿನ ಭಾನುವಾರ, "ಒಂದೇ ಒಂದು ಸಲ ಬಾ, ನೋಡು, ಆಮೇಲೆ ಬೈ," ಎಂದು ನನ್ನನ್ನು ಕರೆದುಕೊಂಡು ಹೋದರು.

ಹೋದೆ. ಕೆರೆ ಗೋದಾಮುಗಳ ಹಿಂದೆ ಇದೆ. ಮೇಲಿನಿಂದ ಕೆಳಗೆ ಕಲ್ಲಿನ ಮೆಟ್ಟಿಲು, ಆಚೆ ನೀರು, ನೀರಿನ ಮೇಲೆ ಬೆಳಗಿನ ಹೊಗೆಯಂಥ ಮಂಜು. ಅಲ್ಲಿ ಗೊರಕೆಯಣ್ಣ ಕೂತಿದ್ದ. ಗೋದಾಮಿನ ಕಾವಲು ಕೆಲಸದಿಂದ ನಿವೃತ್ತಿಯಾದವನು. ಗಾಳ ಹಾಕಿ ನಿದ್ದೆ ಹೋಗುತ್ತಾನೆ, ಮೀನೇ ಎಳೆದು ಎಬ್ಬಿಸಬೇಕು, ಅದಕ್ಕೆ ಆ ಹೆಸರು. ಅವನ ಹತ್ತಿರ ಲಾರಿಯ ಟ್ಯೂಬಿಗೆ ಹಲಗೆ ಕಟ್ಟಿದ ತೇಲುವ ಪೀಠ ಒಂದಿದೆ. ನನ್ನ ಗಂಡ ಅದರ ಮೇಲೆ ಕೂತು ನೀರಿನ ನಡುವೆ ಹೋದರು. ಕೈಯಲ್ಲಿ ಅಡಿಗೊಂದು ಗಂಟು ಹಾಕಿದ ಹಗ್ಗ, ಇಪ್ಪತ್ತೈದು ಗಂಟು, ತುದಿಗೆ ಸೀಸ.

"ನಾಲ್ಕು!" ಎಂದು ಕೂಗಿ ಸೀಸ ಬಿಟ್ಟರು. ಎತ್ತಿ ತೋರಿಸಿದರು. ಹಗ್ಗ ನಾಲ್ಕನೇ ಗಂಟಿನವರೆಗೆ ಒದ್ದೆ.

ಇನ್ನೊಂದು ಮಾರು ಮುಂದೆ ಹೋಗಿ, "ಹನ್ನೊಂದು!" ಹನ್ನೊಂದೇ.

ಹೀಗೆ ಎಂಟು ಕಡೆ. ಮೇಲಿನಿಂದ ನೋಡಿದರೆ ಎಲ್ಲ ಒಂದೇ ನೀರು. ಒಂದು ಗುರುತಿಲ್ಲ, ಒಂದು ಬಣ್ಣದ ವ್ಯತ್ಯಾಸ ಇಲ್ಲ. ಒಂದೇ ಒಂದು ಕಡೆ ಅರ್ಧ ಅಡಿ ಕಡಿಮೆ ಬಂತು. ಅವರ ಮುಖ ಸಪ್ಪಗಾಯಿತು. "ಹೂಳು ಕೂತಿದೆ," ಎಂದು ಅಲ್ಲೇ ಕಾಗದ ತೆಗೆದು ತಿದ್ದಿದರು.

ಸೀಸದ ತಳದಲ್ಲಿ ಸಣ್ಣ ಗುಳಿ ಕೊರೆದು ಸೋಪು ತುಂಬಿದ್ದರು. ಕಾರ್ಖಾನೆಯಲ್ಲಿ ಗೆರೆ ಎಳೆದು ಸವೆದ ಅದೇ ಸೋಪು. ಸೀಸ ತಳ ಮುಟ್ಟಿದಾಗ ಅಲ್ಲಿ ಏನಿದೆಯೋ ಅದು ಸೋಪಿಗೆ ಅಂಟಿಕೊಂಡು ಬರುತ್ತದೆ. ಕೆಸರು, ಕಪ್ಪೆಚಿಪ್ಪಿನ ಚೂರು, ಕೊಳೆತ ಎಲೆ. ಅದನ್ನು ನನ್ನ ಅಂಗೈಯಲ್ಲಿಟ್ಟು, "ಮೀನಿಗೂ ಜಗಲಿ ಇದೆ, ಒಳಮನೆ ಇದೆ, ಊಟಕ್ಕೆ ಬೇರೆ ಜಾಗ ಇದೆ. ಸುಮ್ನೆ ನೀರಲ್ಲಿ ಅಲೀತಾವೆ ಅಂದ್ಕೊಂಡಿದ್ಯಾ?" ಅಂದರು. ಆಮೇಲೆ ಗಾಳದ ದಾರವನ್ನು ನನ್ನ ತೋರುಬೆರಳ ಮೇಲೆ ಹಾಯಿಸಿ, "ಮಾತಾಡ್ಬೇಡ," ಅಂದರು.

ನಾನು ಹಾಗೆ ಎಂದೂ ಸುಮ್ಮನೆ ಕೂತವಳಲ್ಲ. ಎಷ್ಟು ಹೊತ್ತಾಯಿತೋ. ಬೆರಳಿಗೆ ಏನೋ ಬಂತು. ಎಳೆತ ಅಲ್ಲ. ಹೊಟ್ಟೆಯಲ್ಲಿ ಮಗಳು ಮೊದಲ ಸಲ ಮಿಸುಕಿದಾಗ ಹೀಗೇ ಆಗಿತ್ತು. ಬಂತೋ ಇಲ್ಲವೋ ಅನ್ನುವ ಹಾಗೆ. ಕಾಣದ ಕಡೆಯಿಂದ ಒಂದು ಜೀವ ಬಂದು ಬೆರಳು ಮುಟ್ಟಿ ಹೋಯಿತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

ಆಮೇಲೂ ನಾನು ವಾರ ಬಿಟ್ಟುಕೊಡಲಿಲ್ಲ. ಆದರೆ ಬೈಯುವುದು ಕಡಿಮೆಯಾಯಿತು.

ಅವರು ಹೋದ ಒಂಬತ್ತನೇ ದಿನ ಮೊಳೆಯಿಂದ ಕಾಗದಗಳನ್ನು ಇಳಿಸಿದೆ. ಕಾರ್ಖಾನೆಯವರು ಅವರ ಮಾದರಿಗಳನ್ನು ಕೇಳಿ ಕಳಿಸಿದ್ದರು. ಕೆರೆಯ ಕಾಗದ ಅಡಿಯಲ್ಲಿತ್ತು. ನಾನು ಕತ್ತರಿಸಿ ಹಾಳುಮಾಡಿದ ಮೇಲೆ ಹೊಸದಾಗಿ ಬರೆದದ್ದು, ನಾಲ್ಕು ಹಾಳೆ ಅಂಟಿಸಿ, ಮೇಜಿನಷ್ಟಗಲ. ತುಂಬ ಅಂಕಿ. ನಡುವೆ ಮಾತ್ರ ಅಂಗೈಯಷ್ಟು ಜಾಗ ಖಾಲಿ. ಸುತ್ತ ಸಣ್ಣ ಅಕ್ಷರದಲ್ಲಿ, "ಇಪ್ಪತ್ತೈದಕ್ಕೂ ಸಿಗಲಿಲ್ಲ." ಪಕ್ಕದಲ್ಲಿ ತಾರೀಕು. ಮತ್ತೆ "ಸಿಗಲಿಲ್ಲ", ಇನ್ನೊಂದು ತಾರೀಕು. ಆರು ಸಲ, ಆರು ವರ್ಷ. ಕೊನೆಯಲ್ಲಿ, "ನೀರು ಇಳಿದಾಗ ನೋಡಬೇಕು."

ನಾನು ಅಲ್ಲೇ ನೆಲದ ಮೇಲೆ ಕೂತೆ.

ಆ ಭಾನುವಾರ ಅವರು ಕೇಳಿದ್ದು ಮೀನಿಗಲ್ಲ. ಇದಕ್ಕೆ. ಬಿಡಿಸಿ ಯಾಕೆ ಹೇಳಲಿಲ್ಲ? ಹೇಳಿದ್ದರೆ ನಾನು ಬಿಡುತ್ತಿದ್ದೆನೇ? ಗೊತ್ತಿಲ್ಲ. ತೊಟ್ಟಿ ತೊಳೆಯಲು ನಿಲ್ಲಿಸಿಕೊಂಡೆ. ಅವರಿಗೆ ಇದ್ದದ್ದು ಅದೊಂದೇ ಭಾನುವಾರ.

ಮಗಳಿಗೆ ತೋರಿಸಿದೆ. ಈಗ ಅವಳಿಗೆ ಹದಿನೆಂಟು. ಅವಳು ಕಾಗದವನ್ನು ತುಂಬ ಹೊತ್ತು ನೋಡಿ, "ನೀರು ಇನ್ನೂ ಇಳಿದೇ ಇದೆಯಾ ಅಮ್ಮ?" ಅಂದಳು.

ಅದು ನನಗೆ ಹೊಳೆದೇ ಇರಲಿಲ್ಲ. ಇಬ್ಬರೂ ಆಗಲೇ ಗೊರಕೆಯಣ್ಣನ ಮನೆಗೆ ಹೋದೆವು. "ಗುರುವಾರ ತೂಬು ಮುಚ್ತಾರೆ ತಾಯಿ. ಆಮೇಲೆ ಮತ್ತೆ ಯಾವ ಕಾಲಕ್ಕೋ," ಅಂದ. ಅವತ್ತು ಮಂಗಳವಾರ. ಬುಧವಾರ ಬೆಳಿಗ್ಗೆ ಹೋಗುವುದು ಎಂದಾಯಿತು.

"ನಾನು ಹೋಗಿ ಅಳೀತೀನಿ ಬಿಡು, ನೀನು ಮೆಟ್ಟಿಲ ಮೇಲಿರು," ಅಂದ.

"ನೀನು ನಡುನೀರಲ್ಲಿ ನಿದ್ದೆ ಹೋದ್ರೆ ಯಾರಣ್ಣ ಎಬ್ಬಿಸೋದು? ನಾನೂ ಬರ್ತೀನಿ."

ನಾನು ಅದುವರೆಗೆ ನೀರಿಗೆ ಇಳಿದವಳಲ್ಲ. ಹಲಗೆಯ ಮೇಲೆ ಕೂತು ಎರಡೂ ಕೈಯಲ್ಲಿ ಟ್ಯೂಬು ತಬ್ಬಿಕೊಂಡೆ. ಗೊರಕೆಯಣ್ಣ ಮುಂದೆ ಕೂತು ಹುಟ್ಟು ಹಾಕಿದ. ಮಗಳು ಕಾಗದ ಹಿಡಿದು ಮೆಟ್ಟಿಲ ಮೇಲೆ. ಖಾಲಿ ಜಾಗ ಎಲ್ಲಿ ಎಂಬುದಕ್ಕೂ ಕಾಗದದಲ್ಲಿ ಗುರುತಿತ್ತು. ನೀರಿನ ಟ್ಯಾಂಕು ಗೋದಾಮಿನ ಕೆಂಪು ಬಾಗಿಲ ನೇರಕ್ಕೆ ಬರಬೇಕು, ಎಡಗಡೆ ಒಣಮರ ದೀಪದ ಕಂಬದ ನೇರಕ್ಕೆ ಬರಬೇಕು. ಎರಡೂ ಕೂಡಿದ ಕಡೆ ನಿಂತೆವು. ನಾನು ಸೀಸಕ್ಕೆ ಹೊಸ ಸೋಪು ತುಂಬಿ ಬಿಟ್ಟೆ.

ಹತ್ತು ಗಂಟು ಹೋಯಿತು. ಹದಿನೈದು. ಇಪ್ಪತ್ತು. ಇಪ್ಪತ್ತೈದನೇ ಗಂಟು ನನ್ನ ಕೈಗೆ ಬಂತು. ಸೀಸ ಇನ್ನೂ ತೂಗುತ್ತಿತ್ತು. ಕೆರೆ ಅಷ್ಟು ಇಳಿದ ಮೇಲೂ.

"ಅಪ್ಪಾ!" ಅಂದ ಗೊರಕೆಯಣ್ಣ.

ನನ್ನ ಕೊರಳಲ್ಲಿ ಹೊಲಿಗೆಯ ಟೇಪು ಇತ್ತು, ಅಭ್ಯಾಸ. ಐದು ಅಡಿ. ಅದನ್ನು ಗಂಟು ಹಾಕಿ ಬಿಟ್ಟೆ. ಅದೂ ಹೋಯಿತು. ಸಿಗಲಿಲ್ಲ.

"ಅಣ್ಣಾ, ಇನ್ನೇನಿದೆ ನಿನ್ನ ಹತ್ರ?"

"ಏನೂ ಇಲ್ಲ ತಂಗಿ."

"ಪ್ಯಾಂಟಿಗೆ ಹಗ್ಗ ಕಟ್ಟಿದ್ದೀಯಲ್ಲ."

"ಅದು ಬಿಟ್ರೆ ಪ್ಯಾಂಟು?"

"ಕೈಯಲ್ಲಿ ಹಿಡ್ಕೋ. ಇಲ್ಲಿ ಯಾರು ನಿನ್ನ ನೋಡ್ತಾರೆ?"

ಅವನು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು ಇನ್ನೊಂದರಲ್ಲಿ ಹಗ್ಗ ಎಳೆದುಕೊಟ್ಟ. ಕಟ್ಟಿ ಬಿಟ್ಟೆ. ಇನ್ನೂ ಎರಡೂವರೆ ಅಡಿ. ಆಗ ಭಾರ ನಿಂತಿತು. ತುಂಬ ದೂರ, ಕೆಳಗೆ, ಮೆತ್ತಗೆ ಏನನ್ನೋ ಮುಟ್ಟಿದ್ದು ಅಂಗೈಗೆ ಗೊತ್ತಾಯಿತು. ಎಷ್ಟೋ ವರ್ಷ ಆ ನೀರಿನ ಮೇಲೆ ಜನ ಓಡಾಡಿದ್ದಾರೆ, ಬಟ್ಟೆ ಒಗೆದಿದ್ದಾರೆ, ಈಜಿದ್ದಾರೆ. ಅಲ್ಲಿಯವರೆಗೆ ಯಾರ ಕೈಯೂ ಹೋದ ಲೆಕ್ಕವಿಲ್ಲ. ನನ್ನ ಕೈ ಹೋಗಿತ್ತು. ಹೋಗಬೇಕಾಗಿದ್ದದ್ದು ಅವರ ಕೈ.

ಎಳೆದೆ. ಸೀಸ ಮೇಲೆ ಬಂದಾಗ ಮುಟ್ಟಲಾಗದಷ್ಟು ತಣ್ಣಗಿತ್ತು. ತಿರುಗಿಸಿದೆ. ಸೋಪಿನ ಮೇಲೆ ಕೆಸರಿರಲಿಲ್ಲ. ಬಿಳಿ ಮರಳು. ಸಕ್ಕರೆಯ ಹಾಗೆ ಶುಭ್ರ.

ಗೊರಕೆಯಣ್ಣ ಅದನ್ನು ಬಗ್ಗಿ ನೋಡಿದ. "ಒರತೆ," ಅಂದ. "ತಳದಿಂದ ನೀರು ಉಕ್ತಾ ಇದೆ, ಅದಕ್ಕೇ ಹೂಳು ನಿಂತಿಲ್ಲ. ಅವನು ಹೇಳ್ತಾನೇ ಇದ್ದ ತಂಗಿ. ಬೇಸಿಗೇಲಿ ಮೀನೆಲ್ಲ ಎಲ್ಲಿಗೋ ಹೋಗ್ತಾವೆ, ಎಲ್ಲೋ ತಣ್ಣನೆ ಬಾಯಿ ಇದೆ ಅಂತ. ನಾವೆಲ್ಲ ನಗ್ತಿದ್ವಿ. ಬಟ್ಟೆ ಕತ್ತರಿಸೋನಿಗೆ ಕೆರೆ ಹೊಟ್ಟೆ ಏನು ಗೊತ್ತು ಅಂತ." ಅವನ ಕಣ್ಣಲ್ಲಿ ನೀರಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ, ಒಂದರಲ್ಲಿ ಪ್ಯಾಂಟು, ಇನ್ನೊಂದರಲ್ಲಿ ಹುಟ್ಟು.

ಆಗ ಅವರಿಲ್ಲದ್ದು ನನಗೆ ಗೊತ್ತಾಯಿತು. ಮೊದಲು ಗೊತ್ತಿರಲಿಲ್ಲ ಅಂತಲ್ಲ. ಈ ಮರಳನ್ನು ತೋರಿಸಲು ಮುಖ ತಿರುಗಿಸಿದೆ, ಯಾರೂ ಇರಲಿಲ್ಲ.

"ಎಷ್ಟಮ್ಮಾ?" ಮಗಳು ದಡದಿಂದ ಕೂಗಿದಳು.

"ಮೂವತ್ತೆರಡೂವರೆ!"

"ಎಷ್ಟು?"

"ಮೂವತ್ತೆರಡೂ ವರೇ!"

"ಮೆಟ್ಟಿಲು ಎಷ್ಟು ಅಂತ ನೋಡು ಮಗಾ, ಮೊದಲು ಅದನ್ನ ಬರಿ," ಎಂದು ಗೊರಕೆಯಣ್ಣ ಕೂಗಿದ. ನನಗೆ ಅರ್ಥವಾಗಲಿಲ್ಲ. ದಡಕ್ಕೆ ಬರುವಾಗ ಹೇಳಿದ. ನೀರು ಏರುತ್ತದೆ, ಇಳಿಯುತ್ತದೆ. ಅಳೆದ ದಿನ ನೀರು ಎಲ್ಲಿತ್ತು ಎಂದು ಗೊತ್ತಿಲ್ಲದಿದ್ದರೆ ಅಳತೆ ಕಸಕ್ಕೆ ಸಮ. ಅದಕ್ಕೆ ಮೇಲಿನಿಂದ ಎಷ್ಟು ಮೆಟ್ಟಿಲು ಒಣಗಿದೆ ಎಂದು ಎಣಿಸಿ ಬರೆದಿಡಬೇಕು, ಆಮೇಲೆ ಕೂಡಿಸಬೇಕು, ಕಳೆಯಬೇಕು. "ಅದಕ್ಕೇ ಅಲ್ವಾ ಅವನು ದಿನಾ ಬರ್ತಿದ್ದಿದ್ದು."

"ದಿನಾನಾ? ಯಾವ ದಿನಾ?"

"ದಿನಾ ಬೆಳಿಗ್ಗೆ, ಕೆಲಸಕ್ಕೆ ಹೋಗೋವಾಗ. ಎಣಿಸೋದು, ಬರ್ಕೊಳ್ಳೋದು, ಹತ್ತು ನಿಮಿಷ ನೀರು ನೋಡ್ತಾ ನಿಲ್ಲೋದು, ಹೋಗೋದು. ನಿನಗೆ ಹೇಳಿರ್ಲಿಲ್ವಾ?"

ಹೇಳಿರಲಿಲ್ಲ. ಕಾರ್ಖಾನೆ ಒಂಬತ್ತಕ್ಕೆ, ನಡೆದರೆ ಹದಿನೈದು ನಿಮಿಷ. ಅವರು ಎಂಟೂ ಇಪ್ಪತ್ತಕ್ಕೇ ಹೊರಡುತ್ತಿದ್ದರು. ಯಾಕ್ರೀ ಇಷ್ಟು ಬೇಗ ಅಂದರೆ, ನನಗೆ ನಿಧಾನಕ್ಕೆ ನಡೆದರೇ ಹಿತ ಅನ್ನುತ್ತಿದ್ದರು. ಹನ್ನೊಂದು ವರ್ಷ, ದಿನಕ್ಕೆ ಇಪ್ಪತ್ತೈದು ನಿಮಿಷ. ನನ್ನ ಕಣ್ಣೆದುರೇ. ಕಳ್ಳ. ನಗು ಬಂತು, ಅಳುವೂ ಬಂತು. ಆ ಸೋಮವಾರವೂ ಎಂಟೂ ಇಪ್ಪತ್ತಕ್ಕೇ ಹೋಗಿದ್ದರು. ಮನೆಗೆ ಬಂದು, ಅವರ ಕೈಚೀಲದಲ್ಲಿದ್ದ ಸಣ್ಣ ಪುಸ್ತಕ ತೆಗೆದು ನೋಡಿದೆ. ಆ ದಿನದ ಮೆಟ್ಟಿಲು ಬರೆದಿತ್ತು, ಹತ್ತೊಂಬತ್ತು.

ಅಂದರೆ ಕೊನೆಯ ದಿನ ಅವರು ನೀರು ನೋಡಿ ಹೋಗಿದ್ದರು. ಅಷ್ಟು ಸಮಾಧಾನ ಇದೆ. ಆದರೂ ಆ ಭಾನುವಾರ ನಾನು ಕೊಡಬೇಕಿತ್ತು. ಯಾರು ಏನು ಹೇಳಿದರೂ ಅದು ಹೋಗುವುದಿಲ್ಲ, ಹೋಗಲಿ ಎಂದು ನಾನು ಕೇಳುವುದೂ ಇಲ್ಲ.

ಗುರುವಾರ ತೂಬು ಮುಚ್ಚಿದರು. ಕಾಗದದ ಖಾಲಿ ಜಾಗದಲ್ಲಿ ಮಗಳು ಅಂಕಿ ಬರೆದಿದ್ದಾಳೆ. ಅವಳ ಅಕ್ಷರ ಅವರದಷ್ಟು ಸಣ್ಣದಲ್ಲ, ಎದ್ದು ಕಾಣುತ್ತದೆ. ಗೊರಕೆಯಣ್ಣನೂ ಅವನ ಜೊತೆಯವರೂ ಬಂದು ನೋಡಿಕೊಂಡು ಹೋಗುತ್ತಾರೆ. ಚಪ್ಪಲಿ ಹೊರಗೆ ಬಿಟ್ಟು ಬರುತ್ತಾರೆ.

ಪುಸ್ತಕದಲ್ಲಿ ಹಾಳೆ ಇನ್ನೂ ಅರ್ಧ ಇದೆ. ಒಂದು ದಿನ ಬಿಟ್ಟರೂ ಲೆಕ್ಕ ತಪ್ಪುತ್ತದಂತೆ. ಅವರು ಹೋದ ಮೇಲಿನ ಎಂಟು ದಿನ ಖಾಲಿ ಉಳಿದಿವೆ, ಅದಕ್ಕೆ ಏನೂ ಮಾಡುವಂತಿಲ್ಲ. ಈಗ ಎಂಟೂ ಇಪ್ಪತ್ತಕ್ಕೆ ನಾನು ಮನೆಗೆ ಬೀಗ ಹಾಕಿ ಹೊರಡುತ್ತೇನೆ. ಮೇಲಿನ ಮೆಟ್ಟಿಲಿಂದ ಒಂದೊಂದೇ ಇಳಿಯುತ್ತಾ ಎಣಿಸುತ್ತೇನೆ. ಇವತ್ತು ಒಣಗಿದ್ದು ಆರು. ಏಳನೆಯದರ ಮೇಲೆ ನೀರು ಬಂದು ಹೋಗುತ್ತಿತ್ತು, ಒದ್ದೆ ಅನ್ನಬೇಕೋ ಒಣಗಿದ್ದು ಅನ್ನಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತು ನಿಂತು ನೋಡಿದೆ. ಆಮೇಲೆ ಆರೂವರೆ ಎಂದು ಬರೆದು, ಹೊಲಿಗೆ ಕಾಯುತ್ತಿತ್ತು, ಮನೆಗೆ ಬಂದೆ.